ಎಲ್ಲರಿಗೂ ‘5 ಗ್ರಾಂ’ ಗೊತ್ತು, ಡಬ್ಬಿಯ ಉಪ್ಪು ಮಾತ್ರ ಮೊದಲಿನ ಹಾಗೇ ಖಾಲಿ ಆಗ್ತಿದೆ. ಎಲ್ಲಿ ತಪ್ಪಾಗ್ತಿದೆ?

ಚಮಚದಳತೆ
ನಮಸ್ಕಾರ ಎಲ್ಲರಿಗೂ. ನಾನು ಸಮುದಾಯ ಆರೋಗ್ಯ ಕಾರ್ಯಕರ್ತೆ. ಮೂರು ವರ್ಷದಿಂದ ಬಿಪಿ ತಪಾಸಣೆ ಜೊತೆಗೆ ಉಪ್ಪಿನ ಬಗ್ಗೆ ತಿಳಿವಳಿಕೆ ಕೊಡೋದು ನನ್ನ ಕೆಲಸ. ಚಾರ್ಟ್ ಹಿಡಿದು ರಕ್ತನಾಳ, ಹೃದಯ, ಕಿಡ್ನಿ ಎಲ್ಲ ತೋರಿಸ್ತೀನಿ. ಕೊನೇಲಿ "ದೊಡ್ಡವರಿಗೆ ದಿನಕ್ಕೆ ಎಷ್ಟು ಉಪ್ಪು?" ಅಂತ ಕೇಳಿದ್ರೆ ಇಡೀ ಗುಂಪು ಒಂದೇ ದನಿಯಲ್ಲಿ "ಐದು ಗ್ರಾಂ ಒಳಗೆ, ಒಂದು ಟೀ ಚಮಚ" ಅನ್ನತ್ತೆ. ನಾನೂ ವರದಿಯಲ್ಲಿ ‘ಅರಿವು: ಉತ್ತಮ’ ಅಂತ ಬರೆದು ಬರ್ತೀನಿ.

ಹೋದ ತಿಂಗಳು ಹನ್ನೆರಡು ಮನೆಯವರನ್ನ ಒಪ್ಪಿಸಿ ಅವರ ಉಪ್ಪಿನ ಡಬ್ಬಿ ತೂಗಿದೆ. ಹತ್ತು ದಿನ ಬಿಟ್ಟು ಮತ್ತೆ ತೂಗಿದೆ. ಖರ್ಚಾದದ್ದನ್ನ ತಲೆಗೆ, ದಿನಕ್ಕೆ ಅಂತ ಭಾಗಿಸಿದ್ರೆ ಎಂಟು ಗ್ರಾಂಗಿಂತ ಕಡಿಮೆ ಒಂದು ಮನೇಲೂ ಇಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳೋ ಅಮ್ಮ ಒಬ್ಬರಿದ್ದಾರೆ, ಅವರ ಮನೇಲಿ ಹನ್ನೊಂದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರಿಗೆ ಬಿಪಿ ಇದೆ, ಮಾತ್ರೆ ತಗೋತಾರೆ, ನನ್ನ ಮಾತು ನಂಬ್ತಾರೆ. ಆದ್ರೂ ಹೀಗೆ.

"ಜನ ಹೇಳಿದ್ದು ಕೇಳಲ್ಲ" ಅಂತ ಮಾತ್ರ ಹೇಳಬೇಡಿ ದಯವಿಟ್ಟು. ಅವರು ಕೇಳ್ತಿದ್ದಾರೆ. ನಾನು ಹೇಳೋದ್ರಲ್ಲೇ ಏನೋ ಕಮ್ಮಿ ಇದೆ. ನಿಮ್ಮ ಅನುಭವ ಹೇಳಿ.

ಹಳೇಕೈ
ಅಕ್ಕಾ, ನೀವು ಪಾಠ ಮಾಡಿದ್ದು ಕಿವಿಗೆ. ಉಪ್ಪು ಹಾಕೋದು ಕೈ.

ನಲವತ್ತು ವರ್ಷದಿಂದ ಅಡುಗೆ ಮಾಡ್ತಿದ್ದೀನಿ, ಒಂದು ದಿನಾನೂ ಗ್ರಾಂ ಲೆಕ್ಕ ಹಾಕಿದವಳಲ್ಲ. ಬೆರಳಿಗೆ ಬಂದಷ್ಟು ಹಾಕ್ತೀನಿ. ಆರು ಜನಕ್ಕೆ ಮಾಡೋ ಪಾತ್ರೆ ಮುಂದೆ ನಿಂತವಳಿಗೆ "ಒಬ್ಬರಿಗೆ ಐದು ಗ್ರಾಂ" ಅಂದ್ರೆ ಏನು ಗೊತ್ತಾಗಬೇಕು? ಆ ಪಾತ್ರೇಲಿ ಒಬ್ಬರ ಪಾಲು ಎಲ್ಲಿದೆ? ಮನೆ ಲೆಕ್ಕದಲ್ಲಿ ಹೇಳಿ. ನಾಲ್ಕು ಜನ ದೊಡ್ಡವರು ಅಂದ್ರೆ ಎಲ್ಲ ಸೇರಿ 20 ಗ್ರಾಂ ಮೀರಬಾರದು, ಅದರಲ್ಲಿ ಹೊರಗಿಂದ ತಂದು ತಿನ್ನೋದಕ್ಕೂ ಜಾಗ ಬಿಡಬೇಕು. ಬೆಳಗ್ಗೆ ಎದ್ದ ತಕ್ಷಣ ಅಷ್ಟನ್ನ ಅಳೆದು ಪುಟ್ಟ ಬಟ್ಟಲಿಗೆ ಹಾಕಿಟ್ಟು ದೊಡ್ಡ ಡಬ್ಬಿ ಅಟ್ಟಕ್ಕೆ ಏರಿಸಲಿ. ಇಡೀ ದಿನ ಬಟ್ಟಲಿಂದಲೇ. ಸಂಜೆ ಹೊತ್ತಿಗೆ ಬಟ್ಟಲು ಬರಿದಾದ್ರೆ ಅವರಿಗೇ ಅರ್ಥ ಆಗತ್ತೆ.

ಮೌನಿ
ಬಟ್ಟಲಿನ ಉಪಾಯ ಚೆನ್ನಾಗಿದೆ. ಇವತ್ತೇ ಮಾಡ್ತೀನಿ.

ರಾತ್ರಿಪಾಳಿ ನರ್ಸ್
ಚಮಚದಳತೆ ಮೇಡಂ, ಡಬ್ಬಿ ತೂಗಿದ್ದು ಒಳ್ಳೇ ಕೆಲಸ, ಎಷ್ಟೋ ಕಡೆ ಅಷ್ಟೂ ಮಾಡಲ್ಲ. ಆದರೆ ಆ ಅಂಕಿಯನ್ನ ಪೂರ್ತಿ ನಂಬಬೇಡಿ. ಬೇಯಿಸಿ ಬಸಿದ ನೀರಿನ ಜೊತೆ ಹೋದ ಉಪ್ಪು, ತರಕಾರಿ ತೊಳೆಯೋಕೆ ಬಳಸಿದ್ದು, ತಟ್ಟೇಲಿ ಬಿಟ್ಟದ್ದು ಎಲ್ಲ ಅದರಲ್ಲಿ ಸೇರತ್ತೆ. ಇನ್ನೊಂದು ಕಡೆ ಬ್ರೆಡ್, ಚಿಪ್ಸ್, ಸಾಸ್, ಪ್ಯಾಕೆಟ್ ಸೂಪ್‌ನಿಂದ ಬಂದದ್ದು ಸೇರೋದೇ ಇಲ್ಲ. ಉಪ್ಪಿನಲ್ಲಿ ಬಿಪಿ ಏರಿಸೋ ಅಂಶ ಸೋಡಿಯಂ. ನಾವು ತಿಂದ ಸೋಡಿಯಂನಲ್ಲಿ ಸುಮಾರು ಶೇ 90ರಷ್ಟು ಮೂತ್ರದಲ್ಲಿ ಹೊರಗೆ ಹೋಗತ್ತೆ. ಅದಕ್ಕೇ 24 ಗಂಟೆಯ ಮೂತ್ರ ಸಂಗ್ರಹಿಸಿ ಅಳೆಯೋದನ್ನ ಸರಿಯಾದ ವಿಧಾನ ಅಂತಾರೆ. ನಿಮಗೆ ಅದು ಕಷ್ಟ ಅಂತ ಗೊತ್ತು. ಒಂದು ಮನೆಯ ಇವತ್ತಿನ ತೂಕವನ್ನ ಅದೇ ಮನೆಯ ಮುಂದಿನ ತಿಂಗಳ ತೂಕಕ್ಕೆ ಹೋಲಿಸೋಕೆ ನಿಮ್ಮ ತಕ್ಕಡಿ ಸಾಕು. ‘ಇವರು ದಿನಕ್ಕೆ ಇಷ್ಟೇ ತಿಂತಾರೆ’ ಅಂತ ಬರೆಯೋಕೆ ಸಾಲದು.

ಇನ್ನೊಂದು ಮಾತು, ನಿಮ್ಮ ಹನ್ನೆರಡು ಮನೆ ಹೊರತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನ ಸರಾಸರಿಯೇ ದಿನಕ್ಕೆ 10.8 ಗ್ರಾಂ, ಬೇಕಾದ್ದಕ್ಕಿಂತ ಎರಡು ಪಟ್ಟು. ನಿದ್ದೆ ಕೆಡಿಸಿಕೊಳ್ಳಬೇಡಿ.

ಎರಡನೇಮಾತು
ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ, ನಾನು ಇನ್ನೊಂದು ಕಡೆಯಿಂದ ಕೇಳ್ತೀನಿ. ನಮ್ಮ ತಾತ ತೊಂಬತ್ತು ದಾಟಿ ಬದುಕಿದ್ರು, ಪ್ರತಿ ಊಟಕ್ಕೂ ಮೇಲುಪ್ಪು ಬೇಕಿತ್ತು. ಉಪ್ಪು ತೀರಾ ಕಡಿಮೆ ಆದ್ರೂ ಹೃದಯದ ತೊಂದರೆ ಜಾಸ್ತಿ ಅಂತ ಹೇಳೋ ಅಧ್ಯಯನಗಳೂ ಬಂದಿವೆ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯೋರಿಗೆ ಉಪ್ಪು ಬಿಡಿ ಅಂದ್ರೆ ತಲೆ ತಿರುಗಿ ಬೀಳಲ್ವಾ? ಗೊತ್ತಿಲ್ಲದೆ ಹೆದರಿಸೋದು ಸರಿಯಲ್ಲ.

ಹಳೇಕೈ
ತಾತ ಬದುಕಿದ್ರು ಸರಿ. ತಾತನ ಓರಗೆಯವರಲ್ಲಿ ಲಕ್ವ ಹೊಡೆದು ಹೋದವರನ್ನೂ ಎಣಿಸಿ ನೋಡಪ್ಪ.

ರಾತ್ರಿಪಾಳಿ ನರ್ಸ್
@ಎರಡನೇಮಾತು ಸರ್, ಕೇಳಿದ್ದು ನ್ಯಾಯವಾದ ಪ್ರಶ್ನೆ. ‘ಕಡಿಮೆಯೂ ಅಪಾಯ’ ಅನ್ನೋ ಅಧ್ಯಯನಗಳು ನಿಜವಾಗಿಯೂ ಇವೆ. ಅವುಗಳಲ್ಲಿ ಹಲವು, ಒಂದು ಹೊತ್ತಿನ ಮೂತ್ರದ ಮಾದರಿಯಿಂದ ಇಡೀ ದಿನದ ಉಪ್ಪನ್ನ ಅಂದಾಜು ಮಾಡಿದವು. ಈಗಾಗಲೇ ಕಾಯಿಲೆಯಿಂದ ಊಟ ಸೇರದವರ ಮೂತ್ರದಲ್ಲೂ ಉಪ್ಪು ಕಡಿಮೆ ಇರತ್ತೆ. ಅಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಅನ್ನೋದು ಕಲಸಿಹೋಗತ್ತೆ. ಇನ್ನೊಂದು ಕಡೆ ಡ್ಯಾಶ್-ಸೋಡಿಯಂ ಪ್ರಯೋಗ ಇದೆ, 2001ರಲ್ಲಿ ಪ್ರಕಟವಾದದ್ದು. ಊಟ ಪೂರ್ತಿ ಅವರೇ ಕೊಟ್ಟು, ಸೋಡಿಯಂ ಮೂರು ಮಟ್ಟದಲ್ಲಿಟ್ಟು ನೋಡಿದ್ರು. ಸೋಡಿಯಂ ಇಳಿದ ಹಾಗೆ ಬಿಪಿ ಇಳೀತು. ಬಿಪಿ ಇಲ್ಲದವರಲ್ಲೂ ಇಳೀತು.

ಬೆವರಿನ ವಿಷಯ ನೀವು ಎತ್ತಿದ್ದು ಒಳ್ಳೇದಾಯ್ತು. ನಾವು ಹೇಳ್ತಿರೋದು ಹತ್ತರಿಂದ ಐದಕ್ಕೆ ಇಳಿಸಿ ಅಂತ, ಸೊನ್ನೆಗೆ ಅಲ್ಲ. ವಾಂತಿ ಭೇದಿ ಆದಾಗ ಒಆರ್‌ಎಸ್ ಕೊಡೋದನ್ನ ಉಪ್ಪಿದೆ ಅಂತ ಯಾರೂ ನಿಲ್ಲಿಸಬಾರದು. ಬಿಸಿಲಲ್ಲಿ ದಿನವಿಡೀ ದುಡಿಯೋರು, ನೀರಿಳಿಯೋ ಮಾತ್ರೆ ತಗೊಳ್ಳೋರು ತಮ್ಮ ಡಾಕ್ಟರನ್ನ ಕೇಳಿ ಅಳತೆ ಗೊತ್ತು ಮಾಡಿಕೊಳ್ಳಲಿ.

ಎರಡನೇಮಾತು
ಸರಿ, ಮೂತ್ರದ ಮಾದರಿ ವಿಷಯ ಗೊತ್ತಿರಲಿಲ್ಲ. ಓದ್ತೀನಿ. ಆದ್ರೂ ಎಲ್ಲರಿಗೂ ಒಂದೇ ಅಳತೆ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಲೇಬಲ್ ಓದುವವನು
ಮನೆ ಡಬ್ಬಿ ಬಗ್ಗೆ ಇಷ್ಟೊಂದು ಚರ್ಚೆ, ಪ್ಯಾಕೆಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಕೆಲವು ದೇಶಗಳಲ್ಲಿ ಜನ ತಿನ್ನೋ ಉಪ್ಪಿನಲ್ಲಿ ಮುಕ್ಕಾಲು ಪಾಲು ಕಾರ್ಖಾನೆಯಲ್ಲೇ ಸೇರಿಬಿಟ್ಟಿರತ್ತೆ. ಅಲ್ಲಿ ಅಡುಗೆ ಮಾಡೋರಿಗೆ ಪಾಠ ಹೇಳಿ ಏನುಪಯೋಗ? ಇನ್ನು ಕೆಲವು ಕಡೆ ಮುಕ್ಕಾಲು ಪಾಲು ಮನೆ ಒಲೆ ಮೇಲೇ ಬೀಳತ್ತೆ. ನಿಮ್ಮ ಜನ ಯಾವ ಕಡೆಯವರು ಅಂತ ಮೊದಲು ತಿಳ್ಕೊಂಡು ಆಮೇಲೆ ಚಾರ್ಟ್ ಬರೆಸಿ ಮೇಡಂ. ಲೇಬಲ್ ಓದೋದನ್ನ ಪ್ಯಾಕೆಟ್ ಕೈಗೆ ಕೊಟ್ಟೇ ಕಲಿಸಿ.

ಹೊಸಬ 7
ನಮ್ಮ ಮನೆಯ ನೂಡಲ್ಸ್ ಪ್ಯಾಕೆಟ್ ನೋಡಿದೆ. ಸೋಡಿಯಂ 800 ಮಿಲಿಗ್ರಾಂ ಅಂತಿದೆ. ಅಂದ್ರೆ 0.8 ಗ್ರಾಂ ಉಪ್ಪು ತಾನೆ? ಅಷ್ಟೇನೂ ಇಲ್ಲ ಅನ್ಸತ್ತೆ.

ಲೇಬಲ್ ಓದುವವನು
ಎಲ್ಲರೂ ಎಡವೋದು ಅಲ್ಲೇ. ಸೋಡಿಯಂ ಬೇರೆ, ಉಪ್ಪು ಬೇರೆ. ಉಪ್ಪಿನ ತೂಕದಲ್ಲಿ ಸೋಡಿಯಂ ಶೇ 40ರಷ್ಟು, ಉಳಿದದ್ದು ಕ್ಲೋರೈಡ್. ಅದಕ್ಕೆ ಸೋಡಿಯಂ ಅಂಕಿಯನ್ನ ಎರಡೂವರೆಯಿಂದ ಗುಣಿಸಬೇಕು. 800 ಮಿಲಿಗ್ರಾಂ ಅಂದ್ರೆ 2 ಗ್ರಾಂ ಉಪ್ಪು. ಅದು 100 ಗ್ರಾಂಗೋ, ಒಂದು ಸರ್ವಿಂಗ್‌ಗೋ, ಪೂರ್ತಿ ಪ್ಯಾಕೆಟ್‌ಗೋ ಅಂತ ಮೇಲಿನ ಸಾಲಲ್ಲಿ ಇರತ್ತೆ, ಅದನ್ನೂ ನೋಡಿ.

ಹೊಸಬ 7
ನೋಡಿದೆ. ಅರ್ಧ ಪ್ಯಾಕೆಟ್‌ಗೆ ಅಂತಿದೆ. ಪೂರ್ತಿ ತಿಂದ್ರೆ 4 ಗ್ರಾಂ!! ನಾನು ರಾತ್ರಿ ಓದ್ತಾ ಇದನ್ನ ತಿಂಡಿ ಅಂತ ತಿಂತಿದ್ದೆ.

ಗುಳಿಗೆ ಡಬ್ಬ
ಔಷಧಿ ಅಂಗಡೀಲಿ ಕೆಲಸ ಮಾಡ್ತೀನಿ, ಅದಕ್ಕೆ ಹೇಳ್ತಿದ್ದೀನಿ. ನೀರಿಗೆ ಹಾಕಿದ್ರೆ ಬುಸ್ ಅಂತ ನೊರೆ ಬರೋ ಮಾತ್ರೆಗಳಲ್ಲೂ ಸೋಡಿಯಂ ಇರತ್ತೆ, ಕೆಲವದರಲ್ಲಿ ಗಣನೀಯವಾಗಿ. ಅಡುಗೆ ಸೋಡಾದಲ್ಲೂ ಇದೆ. ಬಿಪಿ ಇರೋರು ದಿನಾ ತಗೊಳ್ಳೋದಾದ್ರೆ ಒಮ್ಮೆ ಕೇಳಿ.

ಹಿರಿಮಗಳು
ನಮ್ಮ ಮನೆಯ ಕಥೆ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು.

ಅಪ್ಪಂಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಯ್ತು. ಆಸ್ಪತ್ರೆಯಿಂದ ಬರುವಾಗ "ಉಪ್ಪು ಕಡಿಮೆ ಮಾಡಿ" ಅಂತ ಚೀಟೀಲಿ ಒಂದು ಸಾಲು ಬರೆದುಕೊಟ್ರು, ಹೇಗೆ ಅಂತ ಯಾರೂ ಹೇಳಲಿಲ್ಲ. ಅಮ್ಮ ಅಪ್ಪಂಗೆ ಅಂತ ಬೇರೆ ಪಾತ್ರೆ ಇಟ್ಟಳು. ಅದರಲ್ಲಿ ಉಪ್ಪೇ ಇಲ್ಲ. ನಾವೆಲ್ಲ ಮಾಮೂಲಿ ಊಟ ಮಾಡುವಾಗ ಅಪ್ಪ ಗೋಡೆ ಕಡೆ ಮುಖ ಮಾಡಿ ಎಡಗೈಲಿ ಕಲಸ್ತಾ ಕೂರೋರು. ಅರ್ಧ ತಟ್ಟೆ ಬಿಡೋರು. ಒಂದು ತಿಂಗಳಲ್ಲಿ ಇಳಿದುಹೋದ್ರು. ಒಂದಿನ ದಿಂಬಿನ ಕೆಳಗೆ ಕಾಗದದಲ್ಲಿ ಕಟ್ಟಿಟ್ಟ ಉಪ್ಪು ಸಿಕ್ತು. ಅಮ್ಮ ಬೈದಳು, ಆಮೇಲೆ ಅತ್ತಳು. ಅಪ್ಪ ಏನೂ ಮಾತಾಡಲಿಲ್ಲ.

ಅವತ್ತು ರಾತ್ರಿ ನಾನೂ ತಮ್ಮನೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದ್ವಿ. ಬೇರೆ ಪಾತ್ರೆ ಬೇಡ, ಮನೆಗೆಲ್ಲ ಒಂದೇ ಅಡುಗೆ. ಅಮ್ಮ ದಿನಾ ಹಾಕ್ತಿದ್ದ ಉಪ್ಪನ್ನ ಮೊದಲು ಅಳೆದ್ವಿ, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದ್ವಿ. ಮೊದಲ ಹದಿನೈದು ದಿನ ತಮ್ಮ ಗೊಣಗಿದ. ನನಗೂ ಊಟ ಸೇರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಒಂದು ಸಮಾರಂಭದಲ್ಲಿ ಊಟಕ್ಕೆ ಕೂತಾಗ ನಾಲ್ಕೂ ಜನಕ್ಕೆ ಮೊದಲ ತುತ್ತೇ ಉಪ್ಪುಪ್ಪು. ನೀರು ಕುಡಿದು ಕುಡಿದು ಸಾಕಾಯ್ತು. ಅಪ್ಪ ಅಮ್ಮನ ಕಡೆ ತಿರುಗಿ "ನಿನ್ನ ಅಡುಗೇನೇ ವಾಸಿ" ಅಂದ್ರು. ಸ್ಟ್ರೋಕ್ ಆದ ಮೇಲೆ ಊಟದ ಬಗ್ಗೆ ಅವರು ಆಡಿದ ಮೊದಲ ಒಳ್ಳೇ ಮಾತು ಅದು.

ಚಮಚದಳತೆ ಅಕ್ಕ, ನಿಮ್ಮ ತರಗತಿಯಲ್ಲಿ ರೋಗಿಗೆ ಮಾತ್ರ ಹೇಳಬೇಡಿ. ಒಬ್ಬರನ್ನ ಬೇರೆ ಕೂರಿಸಿ ಸಪ್ಪೆ ಉಣ್ಣಿಸಿದ್ರೆ ಅವರು ಕದ್ದಾದ್ರೂ ತಿಂತಾರೆ.

ಚಮಚದಳತೆ
ಹಿರಿಮಗಳು, ಓದಿ ಕಣ್ಣು ತುಂಬಿ ಬಂತು. ನಾನೂ ಬಿಪಿ ಇರೋರನ್ನ ಪಕ್ಕಕ್ಕೆ ಕರೆದು "ನೀವು ಕಡಿಮೆ ತಿನ್ನಿ" ಅಂತಲೇ ಹೇಳ್ತಿದ್ದೆ. ಇದನ್ನ ಬದಲಾಯಿಸ್ತೀನಿ.

ಪದಪ್ರೇಮಿ
ಚರ್ಚೆ ಪಕ್ಕಕ್ಕೆ ಹೋಗಬಹುದು, ಆದರೂ ಹೇಳಬೇಕು ಅನ್ನಿಸಿತು. ಈ ‘ಸಪ್ಪೆ’ ಅನ್ನೋ ಪದವೇ ನಮ್ಮ ಶತ್ರು. ಮುಖ ಸಪ್ಪೆ, ಮಾತು ಸಪ್ಪೆ, ಕಾರ್ಯಕ್ರಮ ಸಪ್ಪೆ. ಜೀವ ಇಲ್ಲದ ಎಲ್ಲದಕ್ಕೂ ನಾವು ಉಪ್ಪಿಲ್ಲದ ಊಟದ ಹೆಸರಿಟ್ಟಿದ್ದೇವೆ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಅಂತ ಕೇಳಿ ಬೆಳೆದವರಿಗೆ "ಸಪ್ಪೆ ಊಟ ಮಾಡಿ" ಅಂದರೆ ಶಿಕ್ಷೆ ಕೊಟ್ಟ ಹಾಗೆ ಕೇಳಿಸುತ್ತದೆ. ತರಗತಿಯಲ್ಲಿ ಆ ಪದ ಬಿಟ್ಟುಬಿಡಿ. ‘ಹದ’ ಅನ್ನಿ. "ಹದಕ್ಕೆ ಹಾಕಿ" ಅಂದರೆ ಅಡುಗೆಯವರ ಜಾಣ್ಮೆಗೆ ಗೌರವ ಕೊಟ್ಟಂತೆ.

ಹಳೇಕೈ
ಹದ ಅನ್ನೋದು ಸರಿಯಾದ ಮಾತು. ಹುಳಿ ಸ್ವಲ್ಪ ಮುಂದೆ ಬಂದ್ರೆ ಉಪ್ಪು ಕಮ್ಮಿ ಆದದ್ದು ನಾಲಿಗೆಗೆ ಗೊತ್ತಾಗಲ್ಲ. ಒಗ್ಗರಣೆ ಘಮ, ಬೆಳ್ಳುಳ್ಳಿ, ಮೆಣಸು, ನಿಂಬೆ, ಇವೆಲ್ಲ ಸಹಾಯಕ್ಕೆ ಬರ್ತವೆ. ಇನ್ನೊಂದು, ಬೇಯುವಾಗ ಸುರಿದ ಉಪ್ಪಿಗಿಂತ ಇಳಿಸಿದ ಮೇಲೆ ಹಾಕಿದ ಚಿಟಿಕೆ ನಾಲಿಗೆಗೆ ಬೇಗ ಸಿಗತ್ತೆ. ಆದ್ರೆ ಎರಡೂ ಮಾಡಬೇಡಿ!

ಮಲ್ಲಿಗೆ
ನಾವು ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಬದಲಾಯಿಸಿದ್ದೀವಿ, ಅದರಲ್ಲಿ ಸೋಡಿಯಂ ಇಲ್ಲವಂತೆ. ಎಲ್ಲರೂ ಅದನ್ನೇ ಬಳಸಿದ್ರೆ ಆಗಲ್ವಾ?

ರಾತ್ರಿಪಾಳಿ ನರ್ಸ್
ಇಲ್ಲ ಮೇಡಂ. ಕಲ್ಲುಪ್ಪು, ಸಮುದ್ರದ ಉಪ್ಪು, ಗುಲಾಬಿ ಉಪ್ಪು ಎಲ್ಲವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅದರಲ್ಲಿರೋ ಬೇರೆ ಖನಿಜಗಳ ಪ್ರಮಾಣ ತೀರಾ ಕಡಿಮೆ. ಹರಳು ದಪ್ಪ ಇದ್ರೆ ಒಂದು ಚಮಚದ ತೂಕ ಸ್ವಲ್ಪ ಕಡಿಮೆ ಬರಬಹುದು, ಅಷ್ಟೇ ವ್ಯತ್ಯಾಸ. ಆದ್ರೆ ಅಯೋಡಿನ್ ಸೇರಿಸದ ಉಪ್ಪಿಗೆ ಹೋದ್ರೆ ಮನೇಲಿರೋ ಗರ್ಭಿಣಿಯರಿಗೆ, ಮಕ್ಕಳಿಗೆ ನಷ್ಟ. ಕಡಿಮೆ ಹಾಕಿ, ಅಯೋಡಿನ್ ಇರೋದನ್ನೇ ಹಾಕಿ.

ಸಂಶೋಧನೆ ಹುಳು
ಬದಲಿ ಉಪ್ಪಿನ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಒಂದು ಪ್ರಯೋಗ ಆಯ್ತು, ಫಲಿತಾಂಶ ಬಂದದ್ದು 2021ರಲ್ಲಿ. ಅದರಲ್ಲಿದ್ದವರು ಮೊದಲೇ ಸ್ಟ್ರೋಕ್ ಆದವರು, ಇಲ್ಲಾ 60 ದಾಟಿದ ಬಿಪಿ ರೋಗಿಗಳು. ಅರ್ಧ ಹಳ್ಳಿಗಳಿಗೆ ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ರು. ಐದು ವರ್ಷದ ಹತ್ತಿರ ನೋಡಿದ್ರು. ಸ್ಟ್ರೋಕ್ ಶೇ 14 ಕಡಿಮೆ, ಸಾವು ಶೇ 12 ಕಡಿಮೆ. ಪಾಠ ಅಲ್ಲ, ಡಬ್ಬಿಯೊಳಗಿನ ಉಪ್ಪೇ ಬದಲಾದದ್ದು.

ವಾರಕ್ಕೆ ಮೂರು ಸಲ
ನಿಲ್ಲಿ ನಿಲ್ಲಿ. ನಾನು ಡಯಾಲಿಸಿಸ್‌ನಲ್ಲಿರೋನು. ನನ್ನಂಥವರು ಆ ಉಪ್ಪು ತಿಂದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಕಿಡ್ನಿ ತೊಂದರೆ ಇರೋರು, ಪೊಟ್ಯಾಸಿಯಂ ಏರಿಸೋ ಕೆಲವು ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಮುಟ್ಟಲೇಬಾರದು. ನನಗೂ ಒಬ್ಬರು ಒಳ್ಳೇ ಮನಸ್ಸಿಂದಲೇ "ಬಿಪಿಗೆ ಒಳ್ಳೇದು" ಅಂತ ಒಂದು ಪ್ಯಾಕೆಟ್ ತಂದುಕೊಟ್ಟಿದ್ರು. ಪ್ಯಾಕೆಟ್ ಹಿಂದೆ ಓದಿದ್ದಕ್ಕೆ ಉಳಿದೆ. ಕಿಡ್ನಿ ಕೆಟ್ಟಿರೋದು ತಮಗೇ ಗೊತ್ತಿಲ್ಲದವರು ಎಷ್ಟೋ ಜನ ಇದ್ದಾರೆ. ಸಭೆಯಲ್ಲಿ ಇದನ್ನ ಹೇಳೋದಾದ್ರೆ ಈ ಎಚ್ಚರಿಕೆ ಮೊದಲು ಹೇಳಿ, ಆಮೇಲೆ ಉಳಿದದ್ದು.

ಸಂಶೋಧನೆ ಹುಳು
ಸರಿಯಾಗಿ ಹೇಳಿದ್ರಿ ಸರ್. ಆ ಪ್ರಯೋಗದಲ್ಲೂ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನ ಸೇರಿಸಿರಲಿಲ್ಲ. ನಾನೇ ಮೊದಲು ಬರೀಬೇಕಿತ್ತು.

ಮೇಷ್ಟ್ರು 52
ಮಕ್ಕಳನ್ನು ಮರೆತಿದ್ದೀರಿ. ಚೀನಾದ ಚಾಂಗ್‌ಝಿಯ 28 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗವನ್ನು ಓದಿದ್ದೆ, 2015ರಲ್ಲಿ ಪ್ರಕಟವಾದದ್ದು. ಅರ್ಧ ಶಾಲೆಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಉಪ್ಪಿನ ಪಾಠ ಹೇಳಿ, ಮನೆಗೆ ಹೋಗಿ ದೊಡ್ಡವರಿಗೆ ಹೇಳಿಕೊಡಿ ಎಂದು ಕಳಿಸಿದರು. ಮೂರೂವರೆ ತಿಂಗಳ ಕೊನೆಯಲ್ಲಿ ಉಳಿದ ಶಾಲೆಗಳಿಗೆ ಹೋಲಿಸಿದರೆ ಈ ಮಕ್ಕಳ ಉಪ್ಪು ದಿನಕ್ಕೆ 1.9 ಗ್ರಾಂ, ಮನೆಯ ದೊಡ್ಡವರದು 2.9 ಗ್ರಾಂ ಕಡಿಮೆಯಾಗಿತ್ತು. ನರ್ಸ್ ಮೇಡಂ ಹೇಳಿದ 24 ಗಂಟೆಯ ಮೂತ್ರದಿಂದಲೇ ಅಳೆದದ್ದು. ಪಾಠ ಕೇಳಿದ ಮಕ್ಕಳಿಗಿಂತ ಅವರ ಹಿರಿಯರಲ್ಲಿ ಹೆಚ್ಚು ಇಳಿಯಿತು ಎನ್ನುವುದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ನನ್ನ ತರಗತಿಯಲ್ಲಿ ಒಂದು ಸಣ್ಣ ಕೆಲಸ ಮಾಡಿಸಿದೆ. ಮನೆಯಲ್ಲಿ ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಬೇಕು. ಮುಂದಿನ ಪ್ಯಾಕೆಟ್ ಒಡೆದಾಗ ಅದರ ಮೇಲೂ. ಎರಡರ ನಡುವೆ ಎಷ್ಟು ದಿನ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಭಾಗಾಕಾರದ ಲೆಕ್ಕವೂ ಆಯಿತು. ಮುಂದಿನ ಪ್ಯಾಕೆಟ್ ಇನ್ನೂ ಎರಡು ದಿನ ಹೆಚ್ಚು ಬರಬೇಕು ಎಂದು ಮಕ್ಕಳು ಹಠ ಹಿಡಿಯುತ್ತವೆ. ಅಜ್ಜಿಯರು ಡಾಕ್ಟರ ಮಾತು ತಳ್ಳಿಹಾಕಬಹುದು, ಮೊಮ್ಮಗುವಿನ ಹಠಕ್ಕೆ ಸೋಲುತ್ತಾರೆ.

ಚಮಚದಳತೆ
ಮೇಷ್ಟ್ರೇ, ಪ್ಯಾಕೆಟ್ ಮೇಲೆ ತಾರೀಖು! ತಕ್ಕಡೀನೂ ಬೇಡ. ಇದನ್ನ ಖಂಡಿತ ಮಾಡ್ತೀನಿ.

ಕ್ಯಾಂಟೀನ್ ಅಣ್ಣ
ನಾನು ಮುನ್ನೂರು ಜನಕ್ಕೆ ಅಡುಗೆ ಮಾಡ್ಸೋನು. ಮೊದಲ ಸಲ ಮ್ಯಾನೇಜರ್ ಹೇಳಿದ್ರು ಅಂತ ‘ಇಂದಿನಿಂದ ಕಡಿಮೆ ಉಪ್ಪಿನ ಊಟ’ ಅಂತ ಬೋರ್ಡ್ ಹಾಕಿದ್ವಿ. ಆ ದಿನ ಉಪ್ಪು ಇಳಿಸೋದು ಮರೆತೇ ಹೋಗಿತ್ತು, ಎಂದಿನಷ್ಟೇ ಬಿದ್ದಿತ್ತು. ಆದ್ರೂ ಹತ್ತು ಜನ ಬಂದು "ಉಪ್ಪೇ ಇಲ್ಲ, ಹೇಗಪ್ಪಾ ತಿನ್ನೋದು" ಅಂದ್ರು. ಬೋರ್ಡ್ ತೆಗೆಸಿದೆ. ಆಮೇಲೆ ಎರಡೆರಡು ವಾರಕ್ಕೆ ಹತ್ತರಲ್ಲಿ ಒಂದು ಭಾಗ ಇಳಿಸ್ತಾ ಬಂದೆ. ಮೂರು ತಿಂಗಳು ಒಬ್ರೂ ಮಾತೆತ್ತಲಿಲ್ಲ. ಮೇಜಿನ ಮೇಲಿದ್ದ ಉಪ್ಪಿನ ಡಬ್ಬೀನೂ ಕೌಂಟರ್ ಹತ್ರ ಇಟ್ಟೆ. ಬೇಕಾದೋರು ಎದ್ದು ಬರ್ತಾರೆ. ಬರೋರು ಕೈಬೆರಳಲ್ಲಿ ಎಣಿಸೋಷ್ಟು ಜನ.

ನನ್ನ ಕೇಳಿದ್ರೆ ಪಾಠಗೀಠ ಬೇಡ. ಅಡುಗೆಯೋನ ಕೈ ಹಿಡೀರಿ, ಸಾಕು.

ಎರಡನೇಮಾತು
ಹೇಳದೆ ಮಾಡೋದು ಮೋಸ ಅಲ್ವಾ? ನನ್ನ ತಟ್ಟೇಲಿ ಏನಿದೆ ಅಂತ ತಿಳಿಯೋ ಹಕ್ಕು ನನಗಿಲ್ವಾ?

ಕ್ಯಾಂಟೀನ್ ಅಣ್ಣ
ಅಣ್ಣಾ, ಮೊದಲು ಜಾಸ್ತಿ ಹಾಕ್ತಿದ್ದಾಗ ನಿಮ್ಮನ್ನ ಯಾರು ಕೇಳಿದ್ರು? ಕೇಳಿದ್ರೆ ಹೇಳ್ತೀನಿ, ಮುಚ್ಚಿಡಲ್ಲ. ಬೋರ್ಡ್ ಹಾಕಲ್ಲ, ಅಷ್ಟೇ.

ಸಂಶೋಧನೆ ಹುಳು
ಬ್ರಿಟನ್‌ನಲ್ಲಿ ಇದೇ ದಾರಿ ಹಿಡಿದ್ರು. ಬ್ರೆಡ್ ಮಾಡೋ ಕಂಪನಿಗಳಿಗೆ ಗುರಿ ಕೊಟ್ಟು ವರ್ಷವರ್ಷ ಸ್ವಲ್ಪ ಸ್ವಲ್ಪ ಇಳಿಸಿದ್ರು, ಹತ್ತು ವರ್ಷದಲ್ಲಿ ಬ್ರೆಡ್‌ನ ಉಪ್ಪು ಶೇ 20ರಷ್ಟು ಇಳೀತು. ಜನರ ಸರಾಸರಿ 9.5 ಗ್ರಾಂನಿಂದ 2011ರ ಹೊತ್ತಿಗೆ 8.1ಕ್ಕೆ ಬಂತು. ಅದರ ಜೊತೆ ಜಾಹೀರಾತು, ತಿಳಿವಳಿಕೆ, ಲೇಬಲ್ ಎಲ್ಲ ಇತ್ತು. ಕದ್ದುಮುಚ್ಚಿ ಮಾಡಿದ್ದಲ್ಲ.

ಕ್ಯಾಂಟೀನ್ ಅಣ್ಣ, ಪಾಠ ಬೇಡ ಅನ್ನೋದನ್ನ ಮಾತ್ರ ಒಪ್ಪಲ್ಲ. ಫಿನ್‌ಲೆಂಡ್‌ನ ಉತ್ತರ ಕರೇಲಿಯಾದಲ್ಲಿ 1972ರಲ್ಲಿ ಹೃದ್ರೋಗ ತಡೆಯೋ ಕೆಲಸ ಶುರುವಾದಾಗ ಮಹಿಳಾ ಸಂಘದವರು ಹಳ್ಳಿಹಳ್ಳಿಯಲ್ಲಿ ಸೇರಿ ಹೊಸ ರೀತಿ ಅಡುಗೆ ಮಾಡಿ ಬಡಿಸಿದ್ರು. ಅದೂ ಪಾಠವೇ. ಉಪ್ಪು ಜಾಸ್ತಿ ಇರೋ ಪದಾರ್ಥದ ಮೇಲೆ ಹಾಗಂತ ಬರೆಯಲೇಬೇಕು ಅನ್ನೋ ನಿಯಮ 1990ರ ದಶಕದಲ್ಲಿ ಬಂತು. ಅಷ್ಟರಲ್ಲಿ ಜನ ತಯಾರಾಗಿದ್ರು. ಜನಕ್ಕೆ ಏನೂ ಗೊತ್ತಿಲ್ಲದಿದ್ರೆ ಅಂಥ ನಿಯಮದ ಪರ ಯಾರು ನಿಲ್ತಾರೆ?

ಹಳೇಕೈ
ಹೌದು, ಮಾಡಿ ಬಡಿಸಬೇಕು. ಚಾರ್ಟ್ ಮಡಿಸಿಟ್ಟು ಒಲೆ ಹಚ್ಚಿ ಅಕ್ಕಾ. ಒಂದೇ ಅಡುಗೆಯನ್ನ ಮೂರು ಪಾತ್ರೇಲಿ ಮೂರು ಅಳತೆ ಉಪ್ಪು ಹಾಕಿ ಮಾಡಿ. ಯಾವುದು ಯಾವ್ದು ಅಂತ ಹೇಳದೆ ರುಚಿ ನೋಡಿಸಿ.

ಹೊಸಬ 7
ಡಬ್ಬಿ ಅಂದಾಗ ನೆನಪಾಯ್ತು, ಉದುರಿಸೋ ಡಬ್ಬಿಯ ತೂತಿಗೂ ಉಪ್ಪಿಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ್ದೆ. ನಿಜಾನಾ?

ಸಂಶೋಧನೆ ಹುಳು
ನಿಜ. 1980ರ ದಶಕದಲ್ಲೇ ಅದನ್ನ ನೋಡಿದ್ದಾರೆ. ತೂತು ದೊಡ್ಡದಾದ ಹಾಗೆ ಬೀಳೋ ಉಪ್ಪು ಹೆಚ್ಚು. ಜನ ಎಷ್ಟು ಸಲ ಅಲ್ಲಾಡಿಸಿದ್ವಿ ಅನ್ನೋದನ್ನ ಲೆಕ್ಕ ಇಟ್ಕೋತಾರೆ, ಎಷ್ಟು ಬಿತ್ತು ಅನ್ನೋದನ್ನಲ್ಲ.

ಮೌನಿ
ಬಟ್ಟಲು ಇಟ್ಟು ನಾಲ್ಕನೇ ದಿನ. ನಾವು ಮೂರು ಜನ. ಮೊದಲ ದಿನ ಮಧ್ಯಾಹ್ನಕ್ಕೇ ಖಾಲಿ. ಇವತ್ತು ರಾತ್ರಿವರೆಗೆ ಬಂತು.

ಚಮಚದಳತೆ
ಏಳು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ.

ಚಾರ್ಟ್ ಮಡಿಸಿಟ್ಟೆ. ಮೂರು ಪಾತ್ರೆ ಮಾಡಿದೆ. ಹೆಚ್ಚಿನವರು ನಡುವಿನ ಪಾತ್ರೇನೇ ‘ನಮ್ಮ ಮನೆ ರುಚಿ’ ಅಂದ್ರು. ಅದರಲ್ಲಿ ಅವರ ಮನೇಲಿ ಹಾಕೋದಕ್ಕಿಂತ ಕಾಲು ಭಾಗ ಕಡಿಮೆ ಇತ್ತು. ಹೇಳಿದಾಗ ಒಂದಿಬ್ಬರು ಮತ್ತೆ ಚಮಚ ಅದ್ದಿ ರುಚಿ ನೋಡಿದ್ರು. ಬಟ್ಟಲು ಕೊಟ್ಟೆ, ಪ್ಯಾಕೆಟ್ ಮೇಲೆ ತಾರೀಖು ಬರೆಯೋ ಕೆಲಸ ಮಕ್ಕಳಿಗೆ ಕೊಟ್ಟೆ. ಬದಲಿ ಉಪ್ಪಿನ ಬಗ್ಗೆ ಎಚ್ಚರಿಕೆ ಮೊದಲು ಹೇಳಿದೆ.

ಹನ್ನೆರಡು ಮನೇಲಿ ಮೂರು ಮನೆ ಕೈಬಿಟ್ರು. ಇಬ್ಬರಲ್ಲಿ ಏನೂ ಬದಲಾಗಿಲ್ಲ. ಉಳಿದ ಏಳರಲ್ಲಿ ಡಬ್ಬಿಯ ತೂಕ ಇಳಿದಿದೆ, ಒಂದರಲ್ಲೂ ಐದಕ್ಕೆ ಬಂದಿಲ್ಲ. ಹನ್ನೊಂದಿದ್ದ ಅಮ್ಮನ ಮನೇಲಿ ಈಗ ಎಂಟೂವರೆ. ಅವರು ಮೊಮ್ಮಗಳನ್ನ ತೋರಿಸಿ "ಇವಳು ನನ್ನ ಕೈ ಹಿಡ್ಕೊಂಡುಬಿಡ್ತಾಳೆ" ಅಂದ್ರು.

ಕೈಬಿಟ್ಟ ಮೂರು ಮನೇಲಿ ಎರಡರಲ್ಲಿ ಅಡುಗೆ ಮಾಡೋದು ಗಂಡಸರಂತೆ. ನನ್ನ ತರಗತಿ ಮಧ್ಯಾಹ್ನ, ಅವರು ಕೆಲಸಕ್ಕೆ ಹೋಗಿರ್ತಾರೆ. ಮೂರು ವರ್ಷ ನಾನು ಇದನ್ನ ಕೇಳಿಯೇ ಇರಲಿಲ್ಲ. ಸಂಜೆ ಏಳರ ಮೇಲೆ ತರಗತಿ ಇಟ್ಟವರು ಯಾರಾದ್ರೂ ಇದ್ದೀರಾ?

ಕ್ಯಾಂಟೀನ್ ಅಣ್ಣ
ನಮ್ಮ ಪಾಳಿ ಮುಗಿಯೋದೇ ಆಗ. ಒಲೆ, ಪಾತ್ರೆ ಎಲ್ಲ ಇದೆ. ಇಲ್ಲಿ ಹುಡುಗರಿಗೆ ಮಾಡಿ ತೋರಿಸೋಕೆ ನಾನು ತಯಾರು, ಆ ಮೂರು ಪಾತ್ರೆಯ ಅಳತೆ ಬರೆದು ಹಾಕಿ ಅಕ್ಕಾ.